ನಡುವಯಸ್ಸಿನ ತಳಮಳ ಮತ್ತು ಕುಟುಂಬ

ನಲವತ್ತೈದು ದಾಟಿದ ಮನೆಯ ಯಜಮಾನರು ಸಣ್ಣ ಮಾತಿಗೂ ಸಿಡುಕುತ್ತಾರೆ. ಊಟಕ್ಕೆ ಕುಳಿತವರು ತುತ್ತೆತ್ತದೆ ಮೌನವಾಗುತ್ತಾರೆ. ಇದನ್ನು ಸ್ವಭಾವದೋಷವೆಂದೆಣಿಸಿ ಮನೆಯವರು ದೂರ ಸರಿಯುವುದುಂಟು. ಆದರೆ ಇದರ ಮೂಲ ಬೇರೆಯೇ ಇರಬಹುದು.

1965ರಲ್ಲಿ ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು ಈ ಸ್ಥಿತಿಯನ್ನು ‘ನಡುವಯಸ್ಸಿನ ಬಿಕ್ಕಟ್ಟು’ ಎಂದು ಕರೆದರು. ಕಳೆದ ವರ್ಷಗಳನ್ನು ಎಣಿಸುತ್ತಿದ್ದ ಮನಸ್ಸು ಆಗ ಉಳಿದ ವರ್ಷಗಳನ್ನು ಎಣಿಸತೊಡಗುತ್ತದೆ. ಇದು ಎಲ್ಲರಿಗೂ ಬರುವಂಥದಲ್ಲವೆಂದು ಅನಂತರದ ಅಧ್ಯಯನಗಳು ತಿಳಿಸಿವೆ.

ನಮ್ಮ ಕೊಪ್ಪಳ ಸೀಮೆಯಲ್ಲಿ ಈ ಎಣಿಕೆಯೊಡನೆ ಬದುಕಿನ ಭಾರವೂ ಕೂಡಿಕೊಳ್ಳುತ್ತದೆ. ಗಂಗಾವತಿಯ ಭತ್ತದ ಬೆಳೆಗಾರನಿಗೆ ತುಂಗಭದ್ರಾ ಕಾಲುವೆಯ ನೀರಿನ ಚಿಂತೆ; ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನಂಬಿದ ರೈತನಿಗೆ ಮುಗಿಲಿನ ಚಿಂತೆ. ಒಂದೆಡೆ ಮಗಳ ಮದುವೆ, ಇನ್ನೊಂದೆಡೆ ಮುಪ್ಪಿನ ತಾಯಿಯ ಔಷಧೋಪಚಾರ. ಗೃಹಿಣಿಗೂ ಇದೇ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಆಕೆಯ ನಿದ್ರಾಭಂಗವನ್ನಾಗಲಿ ಬೇಸರವನ್ನಾಗಲಿ ವಿಚಾರಿಸುವವರಿಲ್ಲ. ನೊಂದವರಿಬ್ಬರೂ ಒಬ್ಬರನ್ನೊಬ್ಬರು ದೂಷಿಸುತ್ತಾರೆ. ನಡುವೆ ಮಕ್ಕಳು ನಲುಗುತ್ತಾರೆ.

ಆದ್ದರಿಂದ ದಂಪತಿಗಳು ಸಾಲ, ಆರೋಗ್ಯ, ಮಕ್ಕಳ ಭವಿಷ್ಯಗಳನ್ನು ಮುಚ್ಚುಮರೆಯಿಲ್ಲದೆ ಮಾತನಾಡಬೇಕು. ಬೆಳೆದ ಮಕ್ಕಳಿಗೆ ಹೊಣೆಯನ್ನು ಹಂಚಬೇಕು. ಎರಡು ವಾರ ಕಳೆದರೂ ನಿದ್ರಾಹಾರಗಳು ಸರಿಹೋಗದಿದ್ದರೆ, ಕುಡಿತ ಹೆಚ್ಚಿದರೆ ವೈದ್ಯರನ್ನು ಕಾಣುವುದು ಲೇಸು. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಯಲ್ಲಿ, ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರು ಮೊದಲು ಕೇಳಬೇಕಾದ ಮಾತು ‘ಏಕೆ ಸಿಡುಕುತ್ತೀರಿ?’ ಎಂಬುದಲ್ಲ, ‘ಏನು ನೋವಾಗಿದೆ?’ ಎಂಬುದು.