ಮನಃಶಾಸ್ತ್ರದ ವ್ಯಾಸಂಗವೂ ಸಾಲದ ಲೆಕ್ಕವೂ



ಸಾನಪಾಡಾದಲ್ಲಿ ವಾಸಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹನ್ನೆರಡನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿ, ಒಂದು ಸಂಜೆ ತನ್ನ ತಂದೆಯೊಡನೆ ನನ್ನನ್ನು ಕಾಣಲು ಬಂದಳು. ಆಕೆಗೆ ಮನಃಶಾಸ್ತ್ರವನ್ನು ಓದುವ ಹಂಬಲ. ತಂದೆ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಗುಮಾಸ್ತರು. ಖಾಸಗಿ ವಿಶ್ವವಿದ್ಯಾಲಯವೊಂದರ ಅಂದವಾದ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು ಅವರು, "ಸಾಲ ಮಾಡಿಯಾದರೂ ಓದಿಸುತ್ತೇನೆ ಮಾಸ್ತರರೇ. ಆದರೆ ಇವಳ ಗಳಿಕೆಯಿಂದ ಆ ಸಾಲ ತೀರುವುದೇ?" ಎಂದು ಕೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ನಿಮ್ಮ ಮನೆಗಳಲ್ಲಿಯೂ ಏಳಬಹುದಾದ ಪ್ರಶ್ನೆಯಾದುದರಿಂದ, ಅನಂತರ ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಈ ಶಾಸ್ತ್ರವು ಕನ್ನಡಿಗರಿಗೆ ಹೊಸತೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಇದರ ವಿಭಾಗವು ಆರಂಭವಾಯಿತು. ಅದನ್ನು ಕಟ್ಟಿದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದವರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂದಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ನಮ್ಮ ನೆರೆಯ ಥಾಣೆಯಲ್ಲಿ 1901ರಿಂದಲೂ ಮಾನಸಿಕ ಆಸ್ಪತ್ರೆಯಿದೆ. ಮನಸ್ಸಿನ ವೇದನೆಗೆ ಶುಶ್ರೂಷೆ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೋಕಕ್ಕೆ ಒಂದು ವಿದ್ಯೆ ಬೇಕಾಗಿರುವುದು ಬೇರೆ, ಆ ವಿದ್ಯೆಗೆ ಸಂಬಳ ದೊರೆಯುವುದು ಬೇರೆ.

ಇಲ್ಲಿನ ತೊಡಕು ಹೀಗಿದೆ. ಮೂರು ವರ್ಷದ ಬಿ.ಎ. ಮುಗಿಸಿದವರು ಮನೋವಿಜ್ಞಾನಿಗಳೆನಿಸುವುದಿಲ್ಲ; ಬೇರೆ ಯಾವ ವಿಷಯದ ಬಿ.ಎ. ಪದವೀಧರರೊಡನೆಯೂ ಅದೇ ಕಚೇರಿಗಳ ಬಾಗಿಲಲ್ಲಿ ನಿಲ್ಲುತ್ತಾರೆ. ಮುಂದೆ ಎರಡು ವರ್ಷದ ಎಂ.ಎ. ಮಾಡಿದರೆ ಶಾಲೆಗಳಲ್ಲಿ ಆಪ್ತಸಲಹೆಯ ಕೆಲಸಕ್ಕೋ, ಕಂಪನಿಗಳ ಸಿಬ್ಬಂದಿ ವಿಭಾಗಕ್ಕೋ ಪ್ರಯತ್ನಿಸಬಹುದು. ಆಸ್ಪತ್ರೆಯಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಬೇಕಾದರೆ 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿತವಾಗಿರಬೇಕು. ಅದಕ್ಕೆ ಬಹುಕಾಲದಿಂದ ನಡೆದುಬಂದ ದಾರಿ ಎಂ.ಎ. ಆದ ಮೇಲೆ ಇನ್ನೆರಡು ವರ್ಷದ ಎಂ.ಫಿಲ್. ತರಬೇತಿ. 2022ರಲ್ಲಿ ಎಂ.ಫಿಲ್. ಪದವಿಯೇ ರದ್ದಾದರೂ ಈ ಶಾಖೆಗೆ 2025-26ರವರೆಗೆ ಅವಧಿ ದೊರೆಯಿತು. ಆದುದರಿಂದ ಈ ಕೊನೆಯ ಮೆಟ್ಟಿಲಿನ ಹೆಸರು ಬದಲಾಗಬಹುದು, ಮೆಟ್ಟಿಲಂತೂ ತಪ್ಪದು. ಹೀಗೆ ಗಳಿಕೆಯು ಏಳು ವರ್ಷಗಳ ಆಚೆ ಕುಳಿತಿದೆ.

ಇನ್ನು ಸಾಲದ ಕಡೆ ನೋಡೋಣ. ನಾಲ್ಕು ಲಕ್ಷ ರೂಪಾಯಿಗಳವರೆಗಿನ ವಿದ್ಯಾ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡವು ಕೇಳುವುದಿಲ್ಲ, ಆದರೆ ತಂದೆಯೋ ತಾಯಿಯೋ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷವಾದ ಮೇಲೆ ಕಂತು ಆರಂಭ. ಅಲ್ಲಿಯವರೆಗೆ ಕಟ್ಟುವುದೇನೂ ಇಲ್ಲವೆಂದು ಅನೇಕರು ನೆಮ್ಮದಿಯಿಂದಿರುತ್ತಾರೆ; ಬಡ್ಡಿಯಾದರೋ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ.

ಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. ಬಿ.ಎ., ಎಂ.ಎ. ಸೇರಿ ಐದು ವರ್ಷ. ಪ್ರತಿ ವರ್ಷದ ಆರಂಭದಲ್ಲಿ 80,000 ರೂಪಾಯಿಯಂತೆ ಒಟ್ಟು 4 ಲಕ್ಷ ಸಾಲವೆನ್ನಿ. ಬಡ್ಡಿ ನೂರಕ್ಕೆ ಹತ್ತು. (ಪುಸ್ತಿಕೆಯಲ್ಲಿದ್ದ ಶುಲ್ಕ ಇದಕ್ಕಿಂತ ಬಹಳ ಹೆಚ್ಚು, ಲೆಕ್ಕ ಸುಲಭವಾಗಲೆಂದು ಕಡಿಮೆ ಹಿಡಿದಿದ್ದೇನೆ.) ಮೊದಲ ಕಂತಿನ ಹೊತ್ತಿಗೆ ಈ ಹಣದ ಮೇಲೆ ಕ್ರಮವಾಗಿ ಆರು, ಐದು, ನಾಲ್ಕು, ಮೂರು, ಎರಡು ವರ್ಷಗಳ ಸರಳ ಬಡ್ಡಿ ಸೇರಿ 1,60,000 ರೂಪಾಯಿಯಾಗುತ್ತದೆ. ತೀರಿಸಬೇಕಾದ ಮೊತ್ತ 5,60,000. ಇದನ್ನು ಹತ್ತು ವರ್ಷಗಳಲ್ಲಿ ಕಟ್ಟಿದರೆ ತಿಂಗಳಿಗೆ ಸುಮಾರು 7,400 ರೂಪಾಯಿ. ಒಟ್ಟು ಕಟ್ಟಿದ್ದು 8,88,000. ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ ಕಂತು 6,000ಕ್ಕೆ ಇಳಿದರೂ ಒಟ್ಟು ಮೊತ್ತ ಹತ್ತು ಲಕ್ಷ ಎಂಬತ್ತು ಸಾವಿರವನ್ನು ದಾಟುತ್ತದೆ. ಆರಂಭದ ಸಂಬಳ 25,000 ಎಂದಿಟ್ಟುಕೊಂಡರೆ, 7,400ರ ಕಂತು ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು.

ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೊಂದಿದೆ. ಎಂ.ಎ. ಮುಗಿದು ಒಂದು ವರ್ಷಕ್ಕೆ ಕಂತು ಬರುವುದಷ್ಟೆ? ಆಗ ಹುಡುಗಿಯು ಕೊನೆಯ ತರಬೇತಿಯ ನಟ್ಟನಡುವೆ ಇರುತ್ತಾಳೆ! ಬ್ಯಾಂಕನ್ನು ಬೇಡಿ ಕಂತನ್ನು ಮುಂದೂಡಿಸಿಕೊಂಡರೂ ಬಡ್ಡಿ ನಿಲ್ಲುವುದಿಲ್ಲ. ತರಬೇತಿಯನ್ನು ಬಿಟ್ಟು ಸಿಕ್ಕಿದ ಕೆಲಸಕ್ಕೆ ಸೇರಿದರೆ, ಯಾವ ಗುರಿಗಾಗಿ ಸಾಲ ಮಾಡಿದಳೋ ಆ ಗುರಿಯೇ ಸಾಲದ ಬಾಯಿಗೆ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಏರ್ಪಾಟು ಬೇರೆ. ಅಲ್ಲಿ 2023ರ ಆಗಸ್ಟಿನಿಂದೀಚೆಗೆ ಪದವಿ ಓದಲಾರಂಭಿಸಿದವರು ವರ್ಷಕ್ಕೆ 25,000 ಪೌಂಡಿಗಿಂತ ಹೆಚ್ಚು ಗಳಿಸಿದಾಗ ಮಾತ್ರ, ಆ ಹೆಚ್ಚಿನ ಭಾಗದಲ್ಲಿ ನೂರಕ್ಕೆ ಒಂಬತ್ತರಂತೆ ಕೊಡುತ್ತಾರೆ. ನಲವತ್ತು ವರ್ಷಗಳ ಅನಂತರ ಉಳಿದುದು ಮನ್ನಾ. ಅಲ್ಲಿ ಸಾಲವು ಗಳಿಕೆಯ ಮುಖ ನೋಡುತ್ತದೆ. ನಮ್ಮಲ್ಲಿ ಅದು ಪಂಚಾಂಗವನ್ನು ಮಾತ್ರ ನೋಡುತ್ತದೆ. 2024ರ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ವರ್ಷಕ್ಕೆ 8 ಲಕ್ಷದೊಳಗೆ ಆದಾಯವಿರುವ ಕುಟುಂಬಗಳಿಗೆ ಬಡ್ಡಿಯಲ್ಲಿ ನೂರಕ್ಕೆ ಮೂರರ ರಿಯಾಯಿತಿಯುಂಟು. ಆದರೆ ಆಯ್ದ ವಿದ್ಯಾಸಂಸ್ಥೆಗಳಿಗೆ ಮಾತ್ರ. ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳತಕ್ಕದ್ದು.

ಇಷ್ಟನ್ನೂ ತೂಗಿ ನೋಡಿದ ಮೇಲೆ ನನಗೆ ಕಂಡುದು ಇದು: ಮೊದಲ ಮೆಟ್ಟಿಲಿಗೆ ಸಾಲ ಬೇಡ. ಸರಕಾರದ ಅನುದಾನ ಪಡೆಯುವ ಕಾಲೇಜುಗಳಲ್ಲಿ ಬಿ.ಎ. ಶುಲ್ಕವು ಸಾವಿರಗಳಲ್ಲಿ ಮುಗಿಯುತ್ತದೆ, ಎಂ.ಎ.ಗೆ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿಯೇ ವಿಭಾಗವಿದೆ. ಸಾಲ ಮಾಡುವುದೇ ಅನಿವಾರ್ಯವಾದರೆ ಅದನ್ನು ಗಳಿಕೆಗೆ ಸಮೀಪವಾದ ಕೊನೆಯ ಮೆಟ್ಟಿಲಿಗೆ ಕಾದಿಡಬೇಕು. ನಿಮ್ಹಾನ್ಸ್‌ನಂತಹ ಸರಕಾರಿ ಸಂಸ್ಥೆಗಳಲ್ಲಿ ಸ್ಥಾನ ದೊರೆತರೆ ತರಬೇತಿಯ ಕಾಲದಲ್ಲಿ ವೇತನವೂ ಉಂಟು. ಸ್ಥಾನಗಳು ಕೆಲವೇ, ಸ್ಪರ್ಧೆ ಕಠಿಣ. ಅಂಚೆಯ ಮೂಲಕ ಅಗ್ಗವಾಗಿ ಓದಿಬಿಡೋಣವೆಂದರೆ, 2025ರಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕಲಿಸುವುದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗವು ತಡೆ ಹಾಕಿದೆ.

ನಮ್ಮ ಹಿರಿಯರು ವಾರಾನ್ನದ ಮನೆಗಳಲ್ಲಿ ಉಂಡು ಓದಿದರು. ಮುಂಬಯಿಗೆ ಬಂದವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತರು. ಅವರ ಋಣಕ್ಕೆ ಬಡ್ಡಿಯಿರಲಿಲ್ಲ. ಹಾಗೆಂದು ಆ ಕಷ್ಟವನ್ನು ಇಂದಿನ ಮಕ್ಕಳಿಗೆ ನಾನು ಬಯಸಲಾರೆ.

ಮುಂದಿನ ಭಾನುವಾರ ನಾನು ಸಾನಪಾಡಾಕ್ಕೆ ಹೋಗಿ ಈ ಲೆಕ್ಕವನ್ನು ಅವರ ಮುಂದೆ ಇಟ್ಟೆ. ಹುಡುಗಿ ಅದನ್ನು ಎರಡು ಬಾರಿ ತಾನೇ ಮಾಡಿ ನೋಡಿದಳು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಈಗ ಆಕೆ ಅನುದಾನಿತ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದಾಳೆ, ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ಅಂದವಾದ ಪುಸ್ತಿಕೆ ಮಾತ್ರ ಇನ್ನೂ ನನ್ನ ಮೇಜಿನಲ್ಲಿಯೇ ಇದೆ.