ಸೈಕಲ್ಲಿನ ಮೇಲೆ ದಾಂಡೀ ಹಾದಿ

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಿಗೆ ಪ್ರವಾಸವೆಂದರೆ ಎರಡೇ ಅರ್ಥ. ಒಂದು, ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿಬರುವುದು. ಇನ್ನೊಂದು, ಊರಿನಿಂದ ಬಂದ ನೆಂಟರಿಗೆ ದ್ವಾರಕೆ ಸೋಮನಾಥಗಳನ್ನು ತೋರಿಸುವುದು. ಅಹಮದಾಬಾದು, ವಡೋದರಾ, ಸೂರತ್ತು ಈ ಮೂರು ಸ್ಟೇಷನ್ನುಗಳಲ್ಲಿ ಚಹಾ ಎಲ್ಲಿ ಚೆನ್ನಾಗಿ ಸಿಕ್ಕುತ್ತದೆಂಬುದು ನಮಗೆ ಗೊತ್ತು. ಆದರೆ ಅವುಗಳ ನಡುವಣ ನಾಡು ಎಂಥದು, ಅಲ್ಲಿಯ ಜನ ಏನು ಬೆಳೆದು ಏನು ಉಣ್ಣುತ್ತಾರೆ ಎಂದು ಯಾರಾದರೂ ಕೇಳಿದರೆ, ರೈಲಿನ ಕಿಟಕಿಯಲ್ಲಿ ಕಂಡುದಕ್ಕಿಂತ ಹೆಚ್ಚು ಹೇಳಲು ನಮ್ಮಿಂದಾಗದು. ಹತ್ತು ಹನ್ನೆರಡು ವರ್ಷ ಈ ನಾಡಿನ ಉಪ್ಪು ತಿಂದವರಿಗೆ ಇದು ಅಷ್ಟೇನೂ ಶೋಭಿಸುವ ಮಾತಲ್ಲ.

ಸೈಕಲ್ಲಿನ ಮೇಲೆ ಹಳ್ಳಿಗಾಡನ್ನು ನೋಡುವ ರೂಢಿಗೆ ಫ್ರಾನ್ಸ್ ದೇಶ ತವರುಮನೆಯಿದ್ದಂತೆ. 1903ರಲ್ಲಿ ಆರಂಭವಾದ ‘ಟೂರ್ ದ ಫ್ರಾನ್ಸ್’ ಪಂದ್ಯದ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಆದರೆ ನಮ್ಮಂಥ ಗುಮಾಸ್ತರಿಗೆ ಒಪ್ಪುವ ಗುರು ಪಂದ್ಯದ ವೀರನಲ್ಲ. ಸಾಂತೆತಿಯೆನ್ ಎಂಬ ಊರಿನ ಪೋಲ್ ದ ವಿವಿ ಎಂಬಾತ. 1887ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆ ತೆಗೆದು, ಹಸಿವಾಗುವ ಮುನ್ನ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು, ಬರಿಯ ಜಂಬಕ್ಕಾಗಿ ತುಳಿಯಬಾರದು ಎಂದು ಜೀವಮಾನವೆಲ್ಲ ಬೋಧಿಸಿದ ಪುಣ್ಯಾತ್ಮ ಆತ. ಆ ದೇಶದ ಜಿಲ್ಲಾ ರಸ್ತೆಗಳ ಪಕ್ಕದಲ್ಲಿ ಹಳದಿ ತಲೆಯ ಕಲ್ಲುಗಳಿರುತ್ತವೆ. ಅವುಗಳನ್ನು ಹಿಡಿದು ಹೊರಟರೆ ಒಂದು ಹಳ್ಳಿಯ ಇಗರ್ಜಿಯ ಗೋಪುರ ಮರೆಯಾಗುವಷ್ಟರಲ್ಲಿ ಮತ್ತೊಂದರದು ಕಣ್ಣಿಗೆ ಬೀಳುತ್ತದಂತೆ. ಅಲ್ಲಿಗೆ ಹೋಗಿ ತುಳಿಯಲು ನಮ್ಮ ಸಂಬಳ ಒಪ್ಪುವುದಿಲ್ಲ. ನಮ್ಮ ಮನೆಬಾಗಿಲಿನಿಂದಲೇ ಹೊರಡುವ ಒಂದು ಹಾದಿ ಇರುವಾಗ ಆ ಕೊರಗೂ ಬೇಕಿಲ್ಲ.

ಅದು ದಾಂಡಿಯ ಹಾದಿ. 1930ನೆಯ ಇಸವಿಯ ಮಾರ್ಚಿ 12ರಂದು ಬೆಳಿಗ್ಗೆ ಗಾಂಧೀಜಿಯವರು 78 ಮಂದಿಯೊಡನೆ ಸಾಬರಮತಿ ಆಶ್ರಮದಿಂದ ಕಾಲ್ನಡಿಗೆಯಲ್ಲಿ ಹೊರಟು, ಸುಮಾರು 390 ಕಿಲೋಮೀಟರು ನಡೆದು, ಏಪ್ರಿಲ್ 5ರಂದು ದಾಂಡಿಯ ಕಡಲತೀರ ಮುಟ್ಟಿ, ಮರುದಿನ ಉಪ್ಪು ಹಿಡಿದರು. ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಆ 78 ಮಂದಿಯಲ್ಲಿ ನಮ್ಮ ಕರ್ನಾಟಕದ ತರುಣನೊಬ್ಬನಿದ್ದನೆಂಬುದು ಇಲ್ಲಿಯ ಕನ್ನಡಿಗರಲ್ಲಿಯೇ ಬಹುಮಂದಿಗೆ ತಿಳಿಯದು. ಅದಕ್ಕೆ ಒಂದು ಕಾರಣವೂ ಉಂಟು. ಯಾತ್ರಿಕರ ಪಟ್ಟಿಯಲ್ಲಿ ಆತನ ಹೆಸರು ‘ಮಹಾದೇವ ಮಾರ್ತಾಂಡ, ವಯಸ್ಸು 18’ ಎಂದಿದೆ. ಮಾರ್ತಾಂಡಪ್ಪ ಎಂಬುದು ತಂದೆಯ ಹೆಸರು. ಇಲ್ಲಿಯ ಪದ್ಧತಿಯಂತೆ ಅದನ್ನು ಮಗನ ಹೆಸರಿಗೆ ಅಂಟಿಸಿದ್ದಾರೆ. ನಮ್ಮ ಕಡೆಯವರು ಅದನ್ನೋದಿ ಯಾರೋ ಮರಾಠಿಗರಿರಬೇಕೆಂದು ಮುಂದೆ ಹೋಗುತ್ತಾರೆ. ಆತನೇ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ.

ಕಳೆದ ಡಿಸೆಂಬರಿನ ರಜೆಗೆ ಎರಡು ದಿನ ಕ್ಯಾಶುಯಲ್ ರಜೆಯನ್ನೂ ಜೋಡಿಸಿಕೊಂಡು ನಾವು ನಾಲ್ವರು ಹೊರಟೆವು. ಒಬ್ಬರು ಬ್ಯಾಂಕಿನವರು, ಒಬ್ಬರು ನಿವೃತ್ತ ಮೇಷ್ಟರು. ನಾಲ್ಕನೆಯವನು ಸ್ನೇಹಿತರೊಬ್ಬರ ಮಗ, ಕಾಲೇಜು ವಿದ್ಯಾರ್ಥಿ. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗ. ಕನ್ನಡ ಆಡುತ್ತಾನೆ, ಓದುವಾಗ ಮಾತ್ರ ಗುಜರಾತಿಯೇ ಸಲೀಸು. ಸಾಮಾನು, ತಿಂಡಿ, ಹಾಸಿಗೆಗಳನ್ನು ಹೊತ್ತ ಒಂದು ಜೀಪು ಹಿಂದೆ ಬರಲಿ ಎಂದು ಬ್ಯಾಂಕಿನವರು ಸೂಚಿಸಿದರು. “ಜೀಪಿದ್ದರೆ ಸೈಕಲ್ಲೇಕೆ ರಾಯರೆ?” ಎಂದು ಮೇಷ್ಟರು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಎರಡು ಜೊತೆ ಬಟ್ಟೆ, ಪಂಕ್ಚರಿನ ಸಾಮಾನು, ಒಂದು ಪಂಪು, ಗೃಹಿಣಿಯರು ಕಟ್ಟಿಕೊಟ್ಟ ಚಟ್ನಿಪುಡಿ, ಇಷ್ಟೇ ನಮ್ಮ ಹೊರೆ.

ಮೊದಲ ದಿನ ಕತ್ತಲಿರುವಾಗಲೇ ಹೊರಟು ಅಸಲಾಲಿ, ಬಾರೇಜಾ ದಾಟಿದೆವು. ಈ ಭಾಗದಲ್ಲಿ ಹಳ್ಳಿಯೆಂಬುದು ಹೆಸರಿಗೆ ಮಾತ್ರ ಉಳಿದಿದೆ. ಗೋದಾಮುಗಳೂ ಟ್ರಕ್ಕುಗಳೂ ಹಾದಿಯನ್ನು ನುಂಗಿವೆ. ನವಾಗಾಮಿನ ಆಚೆ ವಾತ್ರಕ ನದಿಯನ್ನು ದಾಟಿದ ಮೇಲೆಯೇ ಉಸಿರಿಗೆ ಗಾಳಿ ಸಿಕ್ಕಿತು. ಅಲ್ಲಿಂದ ಮಾತರ, ಡಭಾಣ, ಸರದಾರ ಪಟೇಲರು ಹುಟ್ಟಿದ ನಡಿಯಾದು, ಸಂಜೆಗೆ ಆಣಂದ.

ಚರೋತರವೆಂದು ಕರೆಯಿಸಿಕೊಳ್ಳುವ ಈ ಸೀಮೆಯ ಸೊಬಗನ್ನು ಸೈಕಲ್ಲಿನ ಮೇಲೆ ಕುಳಿತೇ ನೋಡಬೇಕು. ಹೊಗೆಸೊಪ್ಪಿನ ಅಗಲ ಎಲೆಗಳ ಮೇಲೆ ಇಬ್ಬನಿ, ಬಾಳೆಯ ತೋಟಗಳು, ಹಾದಿಯುದ್ದಕ್ಕೂ ಬೇವಿನ ಮರಗಳು. ಬೆಳಿಗ್ಗೆ ಆರು ಗಂಟೆಗೆ ಪ್ರತಿ ಹಳ್ಳಿಯ ಹಾಲಿನ ಸೊಸೈಟಿಯ ಮುಂದೆ ಸಾಲು. ಎರಡು ಎಮ್ಮೆ ಇಟ್ಟುಕೊಂಡ ಮುದುಕಿಯೂ ದೊಡ್ಡ ಹಿಡುವಳಿಯ ಪಟೇಲನೂ ಒಂದೇ ಸಾಲಿನಲ್ಲಿ ಬೋಗುಣಿ ಹಿಡಿದು ನಿಲ್ಲುತ್ತಾರೆ. 1946ರಲ್ಲಿ ಖೇಡಾ ಜಿಲ್ಲೆಯ ಹಾಲಿನ ಸಂಘ ಹುಟ್ಟಿದ್ದರ ಮಹತ್ವವನ್ನು ಬಿ.ಎ. ತರಗತಿಯ ಅರ್ಥಶಾಸ್ತ್ರಕ್ಕಿಂತ ಆ ಸಾಲು ನಮಗೆ ಚೆನ್ನಾಗಿ ತಿಳಿಸಿತು. “ಕ್ಯಾಂ ಜಾಓ ಛೋ, ಭಾಯಿ?” ಎಂದು ಒಬ್ಬಾಕೆ ಕೇಳಿದಳು. ದಾಂಡಿಗೆಂದೆವು. ಆಕೆ ನಮ್ಮ ಸೈಕಲ್ಲುಗಳನ್ನೊಮ್ಮೆ, ಮೇಷ್ಟರ ನರೆತ ತಲೆಯನ್ನೊಮ್ಮೆ ನೋಡಿ, ಒಳಗೆ ಕರೆದು ಸಜ್ಜೆಯ ರೊಟ್ಟಿ, ಸುಟ್ಟ ಬದನೆಕಾಯಿಯ ಪಲ್ಯ, ಬೆಲ್ಲ ಕೊಟ್ಟಳು. ರೊಟ್ಟಿ ನಮ್ಮದರಷ್ಟು ತೆಳುವಲ್ಲ. ಆದರೆ ಬೆಣ್ಣೆಯ ವಿಷಯದಲ್ಲಿ ನಾವು ಅವರಿಗೆ ಸರಿಸಾಟಿಯಲ್ಲ. ನಮ್ಮ ಚಟ್ನಿಪುಡಿಯ ರುಚಿ ನೋಡಿದ ಆಕೆಯ ಮೊಮ್ಮಕ್ಕಳು ನೀರಿನ ಕೊಡದ ಕಡೆಗೆ ಓಡಿದ್ದೂ ನಡೆಯಿತು.

ಬೋರಸದ ದಾಟಿ ರಾಸ್ ಎಂಬ ಹಳ್ಳಿ. ಯಾತ್ರೆಗೆ ಐದು ದಿನ ಮುಂಚೆ, ಮಾರ್ಚಿ 7ರಂದು, ಸರದಾರರನ್ನು ಸರಕಾರದವರು ಹಿಡಿದದ್ದು ಇಲ್ಲಿ. ಇಲ್ಲಿಂದ ಕಂಕಾಪುರಾಕ್ಕೆ ಹೋದರೆ ಮಹೀ ನದಿ. ಸಮುದ್ರದ ಉಬ್ಬರ ಇಷ್ಟು ದೂರಕ್ಕೂ ಏರುತ್ತದೆ. ಇಳಿದಾಗ ಎರಡು ದಡಗಳಲ್ಲೂ ಬರಿಯ ಕೆಸರು. 1930ರಲ್ಲಿ ಅವರು ಉಬ್ಬರವನ್ನು ಕಾದು ನಡುರಾತ್ರಿಯಲ್ಲಿ ಮೊಣಕಾಲು ಮಟ್ಟದ ಕೆಸರನ್ನು ತುಳಿದು ದೋಣಿ ಹತ್ತಿದರು. ಗಾಂಧೀಜಿಯವರಿಗೆ ಆಗ ಅರವತ್ತು ವರ್ಷ. ಕೆಳಗಣ ಗಂಭೀರಾ ಸೇತುವೆ 2025ರ ಜುಲೈ 9ರಂದು ಕುಸಿದು ಹಲವರ ಪ್ರಾಣ ಹೋದ ಸುದ್ದಿಯನ್ನು ವಾಚಕರು ಮರೆತಿರಲಾರರು. ನಾವು ಮೇಲಕ್ಕೆ ತಿರುಗಿ ಉಮೇಟಾದ ಸೇತುವೆಯ ಮೇಲಿಂದ ವಡೋದರಾಕ್ಕೆ ಬಂದು ಕನ್ನಡದ ಮನೆಯೊಂದರಲ್ಲಿ ತಂಗಿದೆವು. ಬಿಸಿನೀರು, ಬಿಸಿ ಸಾರು, ಕನ್ನಡದ ಹರಟೆ. ಕಾಲುನೋವಿಗೆ ಇದಕ್ಕಿಂತ ಔಷಧವಿಲ್ಲ.

ಮೂರನೆಯ ದಿನ ಪಾದರಾದ ಮೇಲೆ ಜಂಬೂಸರ, ಆಮೋದ. ಇದು ಕಾನಮ್ ಸೀಮೆ, ಎರೆ ಭೂಮಿ, ಹತ್ತಿಯ ನಾಡು. ಬಿರಿದ ಹತ್ತಿಯ ನಡುವೆ ಮೈಲಿಗಟ್ಟಲೆ ಮರದ ನೆರಳಿಲ್ಲ, ಎದುರುಗಾಳಿ ಬೇರೆ. ಧಾರವಾಡದ ಕಡೆಯವರಾದ ಮೇಷ್ಟರು ಮಾತ್ರ ಸೈಕಲ್ಲು ನಿಲ್ಲಿಸಿ, ಒಂದು ಹೆಂಟೆ ಎತ್ತಿ ಮುರಿದು ನೋಡಿ, “ನಮ್ಮ ಮಣ್ಣು!” ಎಂದರು. ಹದಿನೆಂಟು ವರ್ಷದ ಮಹಾದೇವಪ್ಪನಿಗೂ ಈ ಕಪ್ಪು ನೆಲವನ್ನು ಕಂಡಾಗ ಊರು ನೆನಪಾಗಿರಬೇಕೆಂದು ನಮಗೆ ತೋರಿತು. ಭರೂಚದಲ್ಲಿ ಹುರಿದ ಕಡಲೆಕಾಯಿ ಕೊಂಡು, 1881ರ ಹಳೆಯ ಕಬ್ಬಿಣದ ಸೇತುವೆಯನ್ನು ಪಕ್ಕದಲ್ಲಿ ನೋಡುತ್ತ ಹೊಸ ಸೇತುವೆಯ ಮೇಲೆ ನರ್ಮದೆಯನ್ನು ದಾಟಿದೆವು.

ಅಂಕಲೇಶ್ವರದಿಂದ ಸೂರತ್ತಿಗೆ ಹೋಗುವಾಗ ಭಾಟಗಾಮ್ ಎಂಬ ಸಣ್ಣ ಊರಿದೆ. ಯಾತ್ರೆಯ ಹಾದಿಯಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದೆನಿಸಿದ ಸ್ಥಳ ಇದೇ. ಮಾರ್ಚಿ 29ರ ರಾತ್ರಿ ಇಲ್ಲಿ ಗಾಂಧೀಜಿಯವರು ಬ್ರಿಟಿಷರನ್ನಲ್ಲ, ತಮ್ಮವರನ್ನೇ ಗದರಿಸಿದರು. ಯಾತ್ರಿಕರಿಗಾಗಿ ಸೂರತ್ತಿನಿಂದ ಮೋಟಾರು ಲಾರಿಯಲ್ಲಿ ಹಾಲು ತರಿಸಿದ್ದರು; ಒಬ್ಬ ಬಡ ಕೂಲಿಯವನು ಭಾರವಾದ ಕಿಟ್ಸನ್ ದೀಪವನ್ನು ತಲೆಯ ಮೇಲೆ ಹೊತ್ತು ಬೆಳಕು ತೋರಿಸುತ್ತಿದ್ದನು. ಬಡವರ ಹೆಸರಿನಲ್ಲಿ ಹೊರಟವರಿಗೆ ಇದು ಸಲ್ಲದೆಂದು ತುಂಬಿದ ಸಭೆಯಲ್ಲಿ ಹೇಳಿ ತಮ್ಮನ್ನೂ ಅದರಲ್ಲಿ ಸೇರಿಸಿಕೊಂಡರು. ಮೇಷ್ಟರು ಈ ಸಂಗತಿಯನ್ನು ವಿವರಿಸುತ್ತಿದ್ದಾಗ ಬ್ಯಾಂಕಿನವರು ಜೀಪಿನ ವಿಷಯ ಯಾರೂ ಎತ್ತದಿರಲೆಂದೋ ಏನೋ, ತಮ್ಮ ಸೈಕಲ್ಲಿನ ಚೈನನ್ನು ಬಹಳ ಆಸ್ಥೆಯಿಂದ ಒರೆಸುತ್ತಿದ್ದರು.

ಸೂರತ್ತಿನಲ್ಲಿ ಚಳಿಗಾಲವೆಂದರೆ ಪೋಂಕ್. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಹಸಿರು ಕಾಳನ್ನು ಸೇವಿನೊಡನೆ ಕೊಡುತ್ತಾರೆ. ಇದು ನಮ್ಮ ಉತ್ತರ ಕರ್ನಾಟಕದ ಸೀತನಿಯೇ! ಹುಡುಗನಿಗೆ ಇಷ್ಟು ವರ್ಷ ಪೋಂಕ್ ಗೊತ್ತಿತ್ತು, ಸೀತನಿ ಗೊತ್ತಿರಲಿಲ್ಲ. ಆ ಪದವನ್ನು ಎರಡು ಮೂರು ಸಲ ಹೇಳಿಕೊಂಡನು.

ಅಂದು ರಾತ್ರಿ ಮೇಷ್ಟರು ಇನ್ನೊಂದು ವಿಷಯ ಹೇಳಿದರು. ಯಾತ್ರೆ ಸೂರತ್ತು ತಲುಪಿದ್ದು 1930ರ ಏಪ್ರಿಲ್ 1ರಂದು. ಸರಿಯಾಗಿ ಹದಿಮೂರು ವರ್ಷದ ಮೇಲೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿಟ್ಟಿದ್ದ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಮಹಾದೇವಪ್ಪ ಪೋಲೀಸರ ಗುಂಡಿಗೆ ಬಿದ್ದರು. ಜೊತೆಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರಿಬ್ಬರೂ ಮಡಿದರು. ಮಹಾದೇವಪ್ಪನವರಿಗೆ ಆಗ ಮೂವತ್ತೊಂದು ವರ್ಷ. ನಾವು ಯಾರೂ ಬಹಳ ಹೊತ್ತು ಮಾತಾಡಲಿಲ್ಲ.

ಐದನೆಯ ದಿನ ಕಬ್ಬಿನ ಗದ್ದೆ, ಮಾವು, ಸಪೋಟದ ತೋಟಗಳ ನಡುವೆ ನವಸಾರಿ. ಅಲ್ಲಿಂದ ಕರಾಡಿ, ಮಟವಾಡ, ಮಧ್ಯಾಹ್ನಕ್ಕೆ ದಾಂಡಿ. 2019ರ ಜನವರಿ 30ರಂದು ತೆರೆದ ಸ್ಮಾರಕದಲ್ಲಿ ಗಾಂಧೀಜಿಯವರ ಹಿಂದೆ ಯಾತ್ರಿಕರು ಸಾಲಾಗಿ ನಡೆಯುತ್ತಿರುವಂತೆ ಮೂರ್ತಿಗಳನ್ನು ನಿಲ್ಲಿಸಿದ್ದಾರೆ. ಹುಡುಗ ಆ ಸಾಲಿನುದ್ದಕ್ಕೂ ಒಂದೊಂದೇ ಮುಖವನ್ನು ನೋಡುತ್ತ ಹೋದನು. ಬಳಿಕ ಬಂದು,

“ಕಾಕಾ, ಮೋಟೆಬೆನ್ನೂರು ನಮ್ಮ ಅಜ್ಜಿಯ ಊರಿಗೆ ಎಷ್ಟು ದೂರ?” ಎಂದು ಕೇಳಿದನು.

ಅಜ್ಜಿಯ ಊರು ರಾಣೆಬೆನ್ನೂರು. ಎರಡೂ ಒಂದೇ ಹೆದ್ದಾರಿಯ ಮೇಲಿವೆ. ಅಹಮದಾಬಾದಿನಿಂದ ಇಲ್ಲಿಯವರೆಗೆ ನಾವು ಟ್ರಕ್ಕುಗಳಿಗೆ ಹೆದರಿ ದೂರವಿಟ್ಟುಕೊಂಡು ಬಂದ ಆ 48ನೆಯ ನಂಬರಿನ ಹೆದ್ದಾರಿಯೇ ಅದು.

“ಸೈಕಲ್ಲಿನಲ್ಲಿ ಒಂದೂವರೆ ತಾಸು,” ಎಂದರು ಮೇಷ್ಟರು.

“ಹಾಗಾದರೆ ಈ ಬೇಸಗೆಗೆ ನನ್ನ ಸೈಕಲ್ಲನ್ನೂ ರೈಲಿನಲ್ಲಿ ಒಯ್ಯುತ್ತೇನೆ,” ಎಂದನು ಹುಡುಗ. ನವಸಾರಿಯ ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ಲು ಕಳಿಸುವ ಫಾರಮನ್ನು ನಮ್ಮೆಲ್ಲರ ಪರವಾಗಿ ತುಂಬಿದವನೂ ಅವನೇ.