ಗೋಲ್ಕೊಂಡದ ಎರಡು ವಿರಹಗೀತಗಳು

ಹೈದರಾಬಾದಿನಲ್ಲಿ ನೆಲಸಿದ ಕನ್ನಡಿಗರ ಕಿವಿಗೆ ಎರಡು ಬಗೆಯ ಪ್ರೇಮಗೀತಗಳು ಬೀಳುತ್ತವೆ: ಕರ್ಣಾಟಕ ಸಂಗೀತದ ಪದ ಮತ್ತು ಉರ್ದುವಿನ ಗಜಲ್. ಮೊದಲನೆಯದು ಭಕ್ತಿ, ಎರಡನೆಯದು ಬರಿಯ ಭೋಗ ಎಂದು ವಿಂಗಡಿಸಿಬಿಡುವುದು ಸುಲಭ. ಈ ವಿಂಗಡಣೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಗೋಲ್ಕೊಂಡದ ಆಸ್ಥಾನಕ್ಕೇ ಸಂಬಂಧಿಸಿದ ಇಬ್ಬರು ಕವಿಗಳಿಂದ ಪರೀಕ್ಷಿಸಬಹುದು.

ಮಹಮ್ಮದ್ ಕುಲಿ ಕುತುಬ್ ಷಾಹನು 1580ರಲ್ಲಿ ಪಟ್ಟಕ್ಕೆ ಬಂದು, 1591ರಲ್ಲಿ ಹೈದರಾಬಾದನ್ನು ಸ್ಥಾಪಿಸಿದ ಸುಲ್ತಾನ. ದಖನಿಯ ಹಿರಿಯ ಕವಿ. ಕ್ಷೇತ್ರಯ್ಯನು ಹದಿನೇಳನೆಯ ಶತಮಾನದ ತೆಲುಗು ಪದಕರ್ತ. ಗೋಲ್ಕೊಂಡದ ಪಾದಶಹನ ಮುಂದೆ 1500 ಪದಗಳನ್ನು ಹಾಡಿದುದಾಗಿ ಅವನ ಪದವೊಂದರಲ್ಲಿ ಉಕ್ತವಾಗಿದೆ. ಆ ಪಾದಶಹನು ಮಹಮ್ಮದ್ ಕುಲಿಯ ಮಗಳ ಮಗನಾದ ಅಬ್ದುಲ್ಲಾ ಕುತುಬ್ ಷಾಹನೆಂದು (1626–1672) ಭಾವಿಸಲಾಗಿದೆ.

ಕ್ಷೇತ್ರಯ್ಯನ ‘ಪಯ್ಯದ’ ಎಂದು ಮೊದಲಾಗುವ ಪದವು ನಾದನಾಮಕ್ರಿಯಾ ರಾಗದಲ್ಲಿದೆ. ತನ್ನ ಸೆರಗಿನ ಆಸರೆಯಲ್ಲಿ ಮಲಗುತ್ತಿದ್ದ ಸ್ವಾಮಿ ಅಗಲಿಹೋದನೆಂದು ನಾಯಿಕೆ ಅಳಲುತ್ತಾಳೆ. ನಡೆ ವಿಳಂಬ. ಚರಣಗಳು ನೆನಪನ್ನು ಬೆಳೆಸಿದಂತೆ ಪಲ್ಲವಿ ಮರಳಿ ಬಂದು, ಅದೇ ಮಾತಿಗೆ ಹೊಸ ಭಾರವನ್ನು ಕೊಡುತ್ತದೆ. ರಾಗವೂ ಮಾತೂ ಇಲ್ಲಿ ಒಂದೇ ರಚನೆಯ ಎರಡು ಮುಖಗಳು.

ಪ್ರಿಯನಿಲ್ಲದೆ ಪಾನವೂ ಬದುಕೂ ಅಸಾಧ್ಯವೆಂಬುದು ಮಹಮ್ಮದ್ ಕುಲಿಯ ಪ್ರಸಿದ್ಧ ಗಜಲಿನ ವಸ್ತು. ‘ಪಿಯಾ’ ಎಂಬ ಒಂದೇ ಶಬ್ದ ಪ್ರಿಯನನ್ನೂ ಕುಡಿಯುವ ಕ್ರಿಯೆಯನ್ನೂ ಸೂಚಿಸಿ ಶ್ಲೇಷವಾಗುತ್ತದೆ. ಇದು ಹೆಣ್ಣು ತನ್ನ ನಲ್ಲನನ್ನು ಕರೆಯುವ ದೇಶ್ಯ ಮಾತು. ಆದುದರಿಂದ ಪಾರಸಿಯ ಛಂದಸ್ಸಿನೊಳಗೆ ನಮ್ಮ ವಿರಹಿಣಿಯ ದನಿಯೇ ಕೇಳಿಸುತ್ತದೆ. ಗಜಲಿನ ಪ್ರತಿಯೊಂದು ದ್ವಿಪದಿಯೂ ಅರ್ಥದಲ್ಲಿ ಸ್ವತಂತ್ರ. ಅವನ್ನು ಹೊಂದಿಸುವುವು ಪ್ರಾಸ ಮತ್ತು ಅದರ ಬೆನ್ನಲ್ಲೇ ಬರುವ ‘ರದೀಫ್’ ಎಂಬ ಆವರ್ತಪದ. ರಾಗದ ಆಯ್ಕೆ ಸಾಮಾನ್ಯವಾಗಿ ಹಾಡುವವರಿಗೆ ಸೇರಿದ್ದು.

ನಿಜವಾದ ಭೇದವಿರುವುದು ಅಂಕಿತದಲ್ಲಿ. ಕ್ಷೇತ್ರಯ್ಯನ ಅಂಕಿತ ‘ಮುವ್ವಗೋಪಾಲ’, ಎಂದರೆ ನಲ್ಲನ ಹೆಸರು, ಕವಿ ಮರೆಯಾಗಿದ್ದಾನೆ. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನನ್ನು ಬಲ್ಲ ಕನ್ನಡಿಗರಿಗೆ ಇದು ಪರಿಚಿತ ಮಾರ್ಗ. ಗಜಲಿನ ಕೊನೆಯಲ್ಲಿ ಬರುವುದಾದರೋ ಕವಿಯ ಹೆಸರು. ಹುಚ್ಚು ಹಿಡಿದವನಿಗೆ ಬುದ್ಧಿ ಹೇಳಬೇಡವೆಂಬ ಮಾತು ಅಲ್ಲಿ ಕುತುಬ್ ಷಾಹನನ್ನೇ ಕುರಿತು ಬರುತ್ತದೆ. ರಾಜ್ಯಕ್ಕೆಲ್ಲ ಅಪ್ಪಣೆ ಕೊಡುವವನ ಉಪದೇಶವೂ ಪ್ರೇಮದ ಮುಂದೆ ನಡೆಯದು.

ಹೀಗೆ ಒಂದರಲ್ಲಿ ಕವಿ ತನ್ನ ಹೆಸರನ್ನು ಬಿಟ್ಟುಕೊಡುತ್ತಾನೆ. ಇನ್ನೊಂದರಲ್ಲಿ ಹೆಸರನ್ನು ಮುಂದೆ ತಂದು ಅದರ ಹಮ್ಮನ್ನು ಕಳೆಯುತ್ತಾನೆ. ಸೆರಗಿನ ನೆನಪಿನಲ್ಲಿ ಭೋಗವಿಲ್ಲವೆನ್ನಲಾಗದು. ಬಟ್ಟಲನ್ನು ಮುಟ್ಟಲಾರದ ವಿರಹದಲ್ಲಿ ಶರಣಾಗತಿಯಿಲ್ಲವೆಂದೂ ಹೇಳಲಾಗದು. ವಿಜಾಪುರ, ಕಲಬುರಗಿಗಳಲ್ಲಿ ಶತಮಾನಗಳಿಂದ ಕನ್ನಡದ ನೆರೆಯಲ್ಲೇ ಬಾಳಿದ ದಖನಿಯ ಈ ಹಾಡನ್ನು ಪರರ ಸೊತ್ತೆಂದು ದೂರವಿಟ್ಟರೆ ನಷ್ಟ ಕೇಳುವವರದೇ.